ಹಾಳಿನಡಿಯ ಹಾಳು

ಲಿಹುಯೆ ವಿಮಾನ ನಿಲ್ದಾಣದಿಂದ ಕೂಹಿಯೋ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಹತ್ತು ಕಿಲೋಮೀಟರಿನೊಳಗೆ ವೈಲುವಾ ನದಿ ಎದುರಾಗುತ್ತದೆ. ಸೇತುವೆ ದಾಟಿದೊಡನೆ ಬಲಕ್ಕೆ ಪೆಸಿಫಿಕ್ ಕಡಲು, ಎಡಕ್ಕೆ ಹಳೆಯ ತೆಂಗಿನ ತೋಪು. ಹವಾಯಿಯ ಕವಾಯಿ ದ್ವೀಪದಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುವ ಜಾಗಗಳಲ್ಲಿ ಇದೂ ಒಂದು. ಆದ್ದರಿಂದ ಕಾರಿನಿಂದ ಇಳಿಯುವ ಇರಾದೆ ಇಲ್ಲದವರೂ ಎಡಕ್ಕೊಮ್ಮೆ ನೋಡದೆ ಮುಂದೆ ಹೋಗುವಂತಿಲ್ಲ. ಕಾಲು ಶತಮಾನಕ್ಕೂ ಹೆಚ್ಚು ಕಾಲ ಅವರಿಗೆ ಅಲ್ಲಿ ಕಂಡದ್ದು ಗಾಜು ಒಡೆದ ಕಿಟಕಿ, ಹಂಚು ಹಾರಿಹೋದ ಚಾವಣಿ, ಬಾಲ್ಕನಿಯಿಂದ ಜೋತುಬಿದ್ದ ಬಳ್ಳಿ, ತುಕ್ಕಿನ ಕಂದು ನೀರು ಇಳಿದ ಗೋಡೆ. ಇದು ಕೋಕೋ ಪಾಮ್ಸ್. ಒಂದು ಕಾಲಕ್ಕೆ ಅಮೆರಿಕದ ಮಧುಚಂದ್ರದ ಜೋಡಿಗಳ ಕನಸಿನ ಹೋಟೆಲು.

ಹಾಳುಬಿದ್ದ ಮೇಲೂ ಅದು ಪ್ರವಾಸಿ ತಾಣವಾಗಿಯೇ ಉಳಿಯಿತು ಎಂಬುದು ಕೋಕೋ ಪಾಮ್ಸ್‌ನ ಮೊದಲ ಸೋಜಿಗ. ಹಲವು ವರ್ಷ ಬೇಲಿಯೊಳಗೆ ಸ್ಥಳೀಯ ಮಾರ್ಗದರ್ಶಿಯ ಜತೆ ಸುತ್ತಾಡಲು ಅವಕಾಶವಿತ್ತು. ಹೋದವರು ಪಾಚಿಗಟ್ಟಿದ ಕೊಳಗಳ ಮೇಲಿನ ಕಾಲುಸೇತುವೆ ದಾಟಿ, ಮಾಡು ಕಿತ್ತುಹೋಗಿ ಮರದ ತೊಲೆಗಳಷ್ಟೇ ಉಳಿದಿದ್ದ ಸ್ವಾಗತ ಮಂಟಪ ನೋಡಿ, ಬಾಗಿಲಿಲ್ಲದ ಕೋಣೆಗಳಲ್ಲಿ ಇಣುಕುತ್ತಿದ್ದರು. ಬಚ್ಚಲುಮನೆಯ ಗೋಡೆಗೆ ಕಚ್ಚಿಕೊಂಡಿದ್ದ ದೈತ್ಯ ಚಿಪ್ಪುಗಳ ಚಿತ್ರ ತೆಗೆಯದೆ ಬಂದವರು ಕಡಿಮೆ. ತೋಪಿನ ತುಂಬ ಕೋಳಿಗಳು, ಥೇಟು ನಮ್ಮ ನಾಟಿ ಕೋಳಿಗಳದೇ ಬಣ್ಣ, ಅದೇ ಜಂಭದ ನಡಿಗೆ. ಸಾವಿರ ವರ್ಷಗಳ ಹಿಂದೆ ಪಾಲಿನೇಷ್ಯದ ನಾವಿಕರು ದೋಣಿಯಲ್ಲಿ ತಂದ ಕಾಡುಕೋಳಿಗಳ ಸಂತತಿ, ಚಂಡಮಾರುತಗಳಲ್ಲಿ ಗೂಡೊಡೆದು ಹೊರಬಿದ್ದ ಸಾಕುಕೋಳಿಗಳೊಡನೆ ಬೆರೆತು ಇಡೀ ದ್ವೀಪವನ್ನೇ ಆಕ್ರಮಿಸಿದೆ. ಈಗ ಸುತ್ತಾಟ ನಿಂತಿದೆ, ಕಟ್ಟಡಗಳಲ್ಲಿ ಬಹುಪಾಲನ್ನು ಕೆಡವಿದ್ದಾರೆ. ಕೋಳಿಗಳು ಇವೆ.

ಶುರುವಾದದ್ದು 1953ರಲ್ಲಿ, ಬರೀ 24 ಕೋಣೆಗಳೊಂದಿಗೆ. ಲೈಲ್ ಗಸ್‌ಲ್ಯಾಂಡರ್ ಎಂಬ ಹೋಟೆಲು ಉದ್ಯಮಿ ವೈಲುವಾದ ಸಣ್ಣದೊಂದು ವಸತಿಗೃಹವನ್ನು ವಹಿಸಿಕೊಂಡ. ನಡೆಸಲು ಗ್ರೇಸ್ ಬುಷರ್ ಎಂಬಾಕೆಯನ್ನು ಕೂರಿಸಿದ. ಆಕೆಗೆ ಹೋಟೆಲು ನಡೆಸಿ ಗೊತ್ತಿರಲಿಲ್ಲ. ಆದರೆ ಬಂದವರಿಗೆ ಏನು ಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. ಅಮೆರಿಕದ ಮುಖ್ಯನಾಡಿನಿಂದ ಇಷ್ಟು ದೂರ ಬಂದವರಿಗೆ ಬೇಕಾಗಿದ್ದದ್ದು ಹಾಸಿಗೆಯೂ ಅಲ್ಲ, ಊಟವೂ ಅಲ್ಲ. ಅವರು ಸಿನಿಮಾದಲ್ಲಿ ನೋಡಿದ, ಕಾದಂಬರಿಯಲ್ಲಿ ಓದಿದ ದಕ್ಷಿಣ ಸಮುದ್ರದ ದ್ವೀಪ. ಎದುರಿಗಿದ್ದ ಕವಾಯಿಯಲ್ಲಿ ಕಬ್ಬಿನ ತೋಟಗಳಿದ್ದವು. ಜಪಾನ್, ಫಿಲಿಪೀನ್ಸ್, ಪೋರ್ಚುಗಲ್‌ಗಳಿಂದ ಬಂದ ಕೂಲಿಕಾರರ ಕೇರಿಗಳಿದ್ದವು, ತಗಡಿನ ಮಾಡಿನ ಅಂಗಡಿಗಳಿದ್ದವು. ಟಿಕೆಟು ಕೊಂಡು ಬಂದವರಿಗೆ ಇವನ್ನು ತೋರಿಸಿದರೆ ಏನು ಸುಖ? ಗ್ರೇಸ್ ಬೇರೊಂದು ಹವಾಯಿಯನ್ನೇ ಕಟ್ಟಿದಳು.

ಅದರಲ್ಲಿ ಅತ್ಯಂತ ಯಶಸ್ವಿಯಾದದ್ದು ಸಂಜೆಯ ಪಂಜಿನ ವಿಧಿ. ಹೊತ್ತು ಮುಳುಗುವ ವೇಳೆಗೆ ಅತಿಥಿಗಳು ಪಾನಪಾತ್ರೆ ಹಿಡಿದು ಕೊಳದ ಕಡೆ ಮುಖ ಮಾಡಿ ಕೂರುತ್ತಿದ್ದರು. ಮೊದಲು ಶಂಖ. ಆಮೇಲೆ ನಗಾರಿಯ ಗಟ್ಟಿ ಪೆಟ್ಟು. ಸೊಂಟಕ್ಕೆ ಕೆಂಪು ಪಂಚೆ ಬಿಗಿದ ಹುಡುಗರು ಕೈಯಲ್ಲಿ ಪಂಜು ಹಿಡಿದು ತೋಪಿನೊಳಗಿಂದ ಓಡಿ ಬಂದು, ಕೊಳದ ದಡದುದ್ದಕ್ಕೂ ನೆಟ್ಟಿದ್ದ ದೀವಟಿಗೆಗಳನ್ನು ಒಂದೊಂದಾಗಿ ಹೊತ್ತಿಸುತ್ತ ಹೋಗುತ್ತಿದ್ದರು. ಕತ್ತಲಾಗುವಷ್ಟರಲ್ಲಿ ತೋಪಿನ ತುಂಬ ಬೆಂಕಿ, ನೀರಿನ ತುಂಬ ಅದರ ಬಿಂಬ. ಇದರ ಹಿನ್ನೆಲೆ ಹೇಳಲು ಒಂದು ಗಂಭೀರ ದನಿ, ಅದರಲ್ಲಿ ಅರಸರ ಕಾಲದ ಮಾತು. ಕೇಳಿದವರು ಇದು ತಲೆತಲಾಂತರದಿಂದ ನಡೆದುಬಂದದ್ದೆಂದು ನಂಬಿದರು. ನಂಬದಿರಲು ಕಾರಣವೇನಿತ್ತು? ಶಂಖ ನಿಜ, ನಗಾರಿ ನಿಜ, ಓಡುವ ಹುಡುಗರು ಕವಾಯಿಯವರೇ. ಸುಳ್ಳಾಗಿದ್ದದ್ದು ಆ ಜೋಡಣೆ ಮಾತ್ರ. ಅದು 1950ರ ದಶಕದಲ್ಲಿ ಹೋಟೆಲಿನ ಮ್ಯಾನೇಜರಳ ತಲೆಯಲ್ಲಿ ಹುಟ್ಟಿದ ವಿಧಿ. ಇವತ್ತು ಹವಾಯಿಯ ಯಾವ ದ್ವೀಪಕ್ಕೆ ಹೋದರೂ ಕಡಲತೀರದ ದೊಡ್ಡ ಹೋಟೆಲುಗಳಲ್ಲಿ ಸಂಜೆ ಶಂಖ ಊದಿ ಪಂಜು ಹೊತ್ತಿಸುತ್ತಾರೆ. ಆ ಪದ್ಧತಿಯ ಮೂಲ ಹುಡುಕಿ ಹೊರಟವರು ಬಂದು ನಿಲ್ಲುವುದು ಈ ಕೊಳದ ದಡದಲ್ಲಿ.

ಚಿಪ್ಪಿನ ಕತೆಯೂ ಹೀಗೆಯೇ. ಕೈ ತೊಳೆಯುವ ಬೋಗುಣಿಯಾಗಿ ಕೋಣೆಕೋಣೆಯಲ್ಲೂ ಕೂತಿದ್ದ ಆ ದೈತ್ಯ ಮೃದ್ವಂಗಿಯ ಚಿಪ್ಪುಗಳು ಕೋಕೋ ಪಾಮ್ಸ್‌ನ ಗುರುತೇ ಆಗಿದ್ದವು. ಆದರೆ ಆ ಜೀವಿ ಹವಾಯಿಯ ಕಡಲಿನದಲ್ಲ; ಅದರ ನೆಲೆ ಪೆಸಿಫಿಕ್‌ನ ಇನ್ನೊಂದು ಮಗ್ಗುಲು. ಆವರಣದಲ್ಲೊಂದು ಮುದ್ದಾದ ಪ್ರಾರ್ಥನಾ ಮಂದಿರವಿತ್ತು, ಅದರಲ್ಲಿ ಎಷ್ಟೋ ಮದುವೆಗಳಾದವು. ಅದನ್ನು ಕಟ್ಟಿದವರು ಪಾದ್ರಿಗಳಲ್ಲ, ಹಾಲಿವುಡ್‌ನವರು. ರೀಟಾ ಹೇವರ್ತ್ ನಟಿಸಿದ ‘ಮಿಸ್ ಸೇಡಿ ಥಾಂಪ್ಸನ್’ (1953) ಚಿತ್ರಕ್ಕೆ ಹಾಕಿದ ಸೆಟ್ ಅದು. ಸಾಮರ್‌ಸೆಟ್ ಮಾಮ್‌ನ ಮೂಲ ಕತೆ ನಡೆಯುವುದು ಹವಾಯಿಯಲ್ಲೂ ಅಲ್ಲ, ಸಾವಿರಾರು ಮೈಲಿ ದಕ್ಷಿಣದ ಸಮೋವಾದಲ್ಲಿ. ಚಿತ್ರತಂಡ ಗಂಟು ಕಟ್ಟಿ ಹೊರಟಿತು, ಮಂದಿರ ಉಳಿಯಿತು, ಗ್ರೇಸ್ ಅದನ್ನು ಬಿಡಲಿಲ್ಲ.

ಕೊನೆಗೆ ತೆಂಗಿನ ತೋಪು. ಹೋಟೆಲಿನ ಹೆಸರಿಗೇ ಕಾರಣವಾದ, ಸುಮಾರು ಎರಡು ಸಾವಿರ ಮರಗಳಿದ್ದವೆಂದು ಹೇಳುವ ಈ ತೋಪನ್ನು ‘ಅರಸರ ತೆಂಗು’ ಎಂದು ಕರೆಯುವುದುಂಟು. ನೆಟ್ಟವನು ವಿಲಿಯಂ ಲಿಂಡೆಮನ್ ಎಂಬಾತ, 1896ರಲ್ಲಿ, ಕೊಬ್ಬರಿ ವ್ಯಾಪಾರ ಮಾಡುವ ಆಸೆಯಿಂದ. ಹವಾಯಿಯ ಕೊನೆಯ ರಾಣಿಯನ್ನು ಪದಚ್ಯುತಗೊಳಿಸಿ ಆಗಲೇ ಮೂರು ವರ್ಷವಾಗಿತ್ತು. ತಿಪಟೂರು ಕಡೆಯವರು ಈ ತೋಪು ನೋಡಿದರೆ ಕೇಳುವ ಮೊದಲ ಪ್ರಶ್ನೆ, ಕಾಯಿ ಎಲ್ಲಿ ಎಂದು. ಹವಾಯಿಯ ಹೋಟೆಲುಗಳಲ್ಲಿ ಕಾಯಿ ಬಲಿಯಲು ಬಿಡುವುದಿಲ್ಲ. ಅತಿಥಿಯ ತಲೆ ಮೇಲೆ ಬಿದ್ದರೆ ಕೋರ್ಟು ಮೆಟ್ಟಿಲು ಹತ್ತಬೇಕಾದೀತೆಂದು ಎಳೆಯದರಲ್ಲೇ ಆಳು ಬಿಟ್ಟು ಕೊಯ್ಸಿಬಿಡುತ್ತಾರೆ. ಅಲ್ಲಿ ತೆಂಗು ಇರುವುದು ಫಸಲಿಗಲ್ಲ, ಫೋಟೋಕ್ಕೆ.

ಇದೆಲ್ಲ ಒಬ್ಬಾಕೆಯ ಖಯಾಲಿ ಎಂದುಕೊಂಡರೆ ತಪ್ಪಾದೀತು. ಆ ದಶಕಗಳಲ್ಲಿ ಅಮೆರಿಕಕ್ಕೆ ಪಾಲಿನೇಷ್ಯದ ಹುಚ್ಚು ಹಿಡಿದಿತ್ತು. 1930ರ ದಶಕದ ಆರಂಭದಲ್ಲಿ ಅರ್ನೆಸ್ಟ್ ಗ್ಯಾಂಟ್ ಎಂಬಾತ ಹಾಲಿವುಡ್‌ನಲ್ಲಿ ‘ಡಾನ್ ದಿ ಬೀಚ್‌ಕೋಂಬರ್’ ಎಂಬ ಪಾನಗೃಹ ತೆರೆದು, ಬಿದಿರು, ಮೀನುಬಲೆ, ಕೆತ್ತಿದ ಮರದ ಮುಖವಾಡಗಳ ನಡುವೆ ರಮ್ ಮಾರಿದ. ಓಕ್‌ಲ್ಯಾಂಡಿನ ವಿಕ್ಟರ್ ಬರ್ಜರಾನ್ ಅದನ್ನು ನೋಡಿ ತನ್ನ ಅಂಗಡಿಯನ್ನೂ ‘ಟ್ರೇಡರ್ ವಿಕ್ಸ್’ ಮಾಡಿಕೊಂಡ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಕಾದಾಡಿ ಬಂದ ಸೈನಿಕರು ಈ ಜಾಗಗಳನ್ನು ತುಂಬಿದರು. 1959ರಲ್ಲಿ ಹವಾಯಿ ಅಮೆರಿಕದ ಐವತ್ತನೇ ರಾಜ್ಯವಾಯಿತು, ಅದೇ ವರ್ಷ ಜೆಟ್ ವಿಮಾನಗಳೂ ಬಂದವು, ಹುಚ್ಚು ನೆತ್ತಿಗೇರಿತು. ಕಡಲನ್ನೇ ಕಾಣದ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ 1961ರಲ್ಲಿ ‘ಕಹೀಕಿ’ ಎಂಬ ದೋಣಿಯಾಕಾರದ ಭಾರೀ ಭೋಜನಗೃಹ ಎದ್ದಿತು. 2000ರಲ್ಲಿ ಅದನ್ನು ಔಷಧಿ ಅಂಗಡಿಗಾಗಿ ಕೆಡವಿದರು. ಫ್ಲಾರಿಡಾದ ಕಡಲತೀರದಲ್ಲಿದ್ದ ‘ಟಿಕಿ ಗಾರ್ಡನ್ಸ್’ ಎಂಬ ಉದ್ಯಾನದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಹೆಸರು ಮಾತ್ರ ಫಲಕದ ಮೇಲೆ ಹಾಗೇ ಇದೆ.

ಒಹಾಯೋದವರ ನಕಲಿ ದ್ವೀಪ ಯಾರ ಮನೆಯ ಮೇಲೂ ಕೂತಿರಲಿಲ್ಲ. ಕೋಕೋ ಪಾಮ್ಸ್‌ನ ಸಂಗತಿ ಬೇರೆ. ಅದು ಪಾಲಿನೇಷ್ಯದ ನಕಲನ್ನು ಪಾಲಿನೇಷ್ಯದಲ್ಲೇ, ಅದೂ ಕವಾಯಿಯ ಅರಸರ ಅಂಗಳದಲ್ಲೇ ತಂದಿಟ್ಟಿತ್ತು.

ಅದರ ಖ್ಯಾತಿ ಶಿಖರ ಮುಟ್ಟಿದ್ದು 1961ರಲ್ಲಿ, ಎಲ್ವಿಸ್ ಪ್ರೆಸ್ಲಿಯ ‘ಬ್ಲೂ ಹವಾಯಿ’ ತೆರೆಕಂಡಾಗ. ಚಿತ್ರದ ಕೊನೆಯಲ್ಲಿ ಎಲ್ವಿಸ್ ಮತ್ತು ನಾಯಕಿ ಜೋನ್ ಬ್ಲ್ಯಾಕ್‌ಮನ್ ಹೂವಿನಿಂದ ಸಿಂಗರಿಸಿದ ಜೋಡಿದೋಣಿಯ ಮೇಲೆ ನಿಂತು, ಈ ಹೋಟೆಲಿನ ಕೊಳದಲ್ಲಿ ಹಾಡುತ್ತ ಮದುವೆಗೆ ತೇಲಿ ಬರುತ್ತಾರೆ. (ಆ ಚಿತ್ರದಲ್ಲಿ ಎಲ್ವಿಸ್‌ನ ತಾಯಿಯಾಗಿ ನಟಿಸಿದ ಏಂಜೆಲಾ ಲ್ಯಾನ್ಸ್‌ಬರಿ ಅವನಿಗಿಂತ ಹಿರಿಯಳಾದದ್ದು ಒಂಬತ್ತೇ ವರ್ಷ, ತಾಯಂದಿರ ಪಾತ್ರ ಹಂಚುವುದರಲ್ಲಿ ಹಾಲಿವುಡ್ ನಮ್ಮ ಗಾಂಧಿನಗರಕ್ಕೇನೂ ಕಡಿಮೆಯಿರಲಿಲ್ಲ.) ಚಿತ್ರದ ಹಾಡುಗಳ ಧ್ವನಿಮುದ್ರಿಕೆ ಅಮೆರಿಕದ ಪಟ್ಟಿಯಲ್ಲಿ ಇಪ್ಪತ್ತು ವಾರ ಮೊದಲ ಸ್ಥಾನ ಬಿಟ್ಟಿಳಿಯಲಿಲ್ಲ. ಅಲ್ಲಿಂದ ಮುಂದೆ ಅದೇ ಕೊಳ, ಅದೇ ತರಹದ ದೋಣಿ, ಅದೇ ಹಾಡಿನ ಮದುವೆ ಬೇಕೆಂದು ಜೋಡಿಗಳು ಸಾಲುಗಟ್ಟಿದರು. ಹೋಟೆಲು ಬೆಳೆಯುತ್ತ ಬೆಳೆಯುತ್ತ ನಾನೂರರ ಆಸುಪಾಸು ಕೋಣೆಗಳಿಗೆ ಮುಟ್ಟಿತು. ಬಂದ ಗಣ್ಯರ ಕೈಯಲ್ಲಿ ಒಂದೊಂದು ತೆಂಗಿನ ಸಸಿ ನೆಡಿಸಿ ಹೆಸರಿನ ಫಲಕ ಹಾಕಿಸುವುದೂ ಗ್ರೇಸ್‌ಳ ಉಪಾಯವೇ. 1964ರ ಮೇ ತಿಂಗಳಲ್ಲಿ ಫ್ರಾಂಕ್ ಸಿನಾಟ್ರಾ ಚಿತ್ರೀಕರಣಕ್ಕೆಂದು ಬಂದು, ಎದುರಿನ ಕಡಲಿಗಿಳಿದು ಅಲೆಯ ಸೆಳೆತಕ್ಕೆ ಸಿಕ್ಕಿ ಮುಳುಗುವುದರಲ್ಲಿದ್ದ. ಅಲ್ಲಿದ್ದವರು ಎಳೆದು ದಡಕ್ಕೆ ತಂದರು.

ಇಷ್ಟು ಹೇಳಿ ಎಲ್ಲವೂ ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಹೋಟೆಲು ಮುಚ್ಚಿ ದಶಕಗಳಾದ ಮೇಲೂ ಕವಾಯಿಯ ಹಿರಿಯರು ಅದರ ಮಾತೆತ್ತಿದರೆ ಮೆತ್ತಗಾಗುತ್ತಾರಲ್ಲ, ಅದನ್ನೇನು ಮಾಡುವುದು? ಕಬ್ಬಿನ ಗದ್ದೆಯ ಬಿಸಿಲಿನಿಂದ ಹೊರಬಂದ ಮೊದಲ ತಲೆಮಾರಿಗೆ ಸಿಕ್ಕ ಕೆಲಸ ಅದು. ಪಂಜು ಹಿಡಿದು ಓಡಿದ ಹುಡುಗರು ಅಲ್ಲೇ ಬೆಳೆದು ಬೇರೆ ಕೆಲಸಕ್ಕೆ ಸೇರಿದರು. ಲ್ಯಾರಿ ರಿವೆರಾ ಎಂಬ ಸ್ಥಳೀಯ ಗಾಯಕ ಆ ಹೋಟೆಲಿನಲ್ಲೇ ದಶಕಗಟ್ಟಲೆ ಹಾಡಿ, ಅದರ ಮೇಲೆಯೇ ಹಾಡು ಕಟ್ಟಿ ಹೆಸರಾದ. ಕಟ್ಟಡಗಳು ಹಾಳುಬಿದ್ದ ಮೇಲೂ ಆ ಕೊಳದ ದಡಕ್ಕೆ ಜೋಡಿಗಳನ್ನು ಕರೆತಂದು, ಎಲ್ವಿಸ್ ಮಾದರಿಯ ಮದುವೆಗಳಲ್ಲಿ ಗಿಟಾರು ಹಿಡಿದು ಹಾಡುತ್ತಿದ್ದ. ಹಿಂದೆ ಕುಸಿದ ಚಾವಣಿ, ಮುಂದೆ ಬಿಳಿ ಉಡುಪಿನ ಮದುಮಗಳು. ಗ್ರೇಸ್ ಕಟ್ಟಿದ ವಿಧಿಗೆ ಅಷ್ಟರಲ್ಲಿ ನಲವತ್ತು ಐವತ್ತು ವರ್ಷದ ಸ್ವಂತ ಚರಿತ್ರೆ ಬಂದುಬಿಟ್ಟಿತ್ತು. ಕಟ್ಟುಕತೆಯೊಳಗೆ ಬದುಕಿದವರ ನೆನಪು ಕಟ್ಟುಕತೆಯಲ್ಲ. ಕೋಕೋ ಪಾಮ್ಸ್ ಬಗ್ಗೆ ತೀರ್ಪು ಹೇಳಲು ಹೊರಡುವವರು ಎಡವುವುದು ಇಲ್ಲಿಯೇ.

ಗಸ್‌ಲ್ಯಾಂಡರ್ 1969ರಲ್ಲಿ ತನ್ನ ಹೋಟೆಲುಗಳನ್ನು ಆಮ್‌ಫ್ಯಾಕ್ ಕಂಪನಿಗೆ ಮಾರಿದ. ಅದೇ ವರ್ಷ ಗ್ರೇಸ್‌ಳನ್ನು ಮದುವೆಯಾದ. ಆಕೆ 1985ರವರೆಗೂ ಹೋಟೆಲಿನಲ್ಲಿದ್ದಳು.

1992ರ ಸೆಪ್ಟೆಂಬರ್ 11, ಶುಕ್ರವಾರ. ಇನಿಕಿ ಚಂಡಮಾರುತ ದಕ್ಷಿಣದಿಂದ ನೇರ ಕವಾಯಿಯ ಮೇಲೆ ನುಗ್ಗಿತು. ಗಾಳಿಯ ವೇಗ ಗಂಟೆಗೆ 230 ಕಿಲೋಮೀಟರು. ಹವಾಯಿಯ ದಾಖಲೆಗಳಲ್ಲೇ ಅಂಥ ಬಿರುಗಾಳಿ ಇನ್ನೊಂದಿಲ್ಲ. ಆರು ಜನ ಸತ್ತರು. 1,400ಕ್ಕೂ ಹೆಚ್ಚು ಮನೆಗಳು ನೆಲಸಮವಾದವು, ಇನ್ನೂ ಸಾವಿರಾರು ಮನೆಗಳ ಮಾಡು ಹಾರಿತು. ‘ಜುರಾಸಿಕ್ ಪಾರ್ಕ್’ ಚಿತ್ರೀಕರಣದಲ್ಲಿದ್ದ ಸ್ಪೀಲ್‌ಬರ್ಗ್ ತಂಡ ತನ್ನ ಹೋಟೆಲಿನಲ್ಲೇ ಅಡಗಿ ಕೂತು ಜೀವ ಉಳಿಸಿಕೊಂಡಿತು. ದ್ವೀಪದ ಉಳಿದ ಹೋಟೆಲುಗಳು ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಚೇತರಿಸಿಕೊಂಡವು. ಕೋಕೋ ಪಾಮ್ಸ್ ಮಾತ್ರ ವಿಮೆಯ ಜಗ್ಗಾಟಕ್ಕೆ ಸಿಕ್ಕಿಕೊಂಡು ಬಾಗಿಲು ತೆರೆಯಲೇ ಇಲ್ಲ.

ಅದು ಇಷ್ಟು ವರ್ಷ ಹಾಳಾಗಿಯೇ ನಿಂತದ್ದಕ್ಕೆ ಒಂದು ಕಾನೂನೂ ಕಾರಣ. ಚಂಡಮಾರುತದ ಬೆನ್ನಲ್ಲೇ ಕವಾಯಿ ಕೌಂಟಿ ‘ಇನಿಕಿ ಶಾಸನ’ ಎನ್ನಬಹುದಾದ ನಿಯಮವೊಂದನ್ನು ತಂದಿತು: ಬಿರುಗಾಳಿಗೆ ಬಿದ್ದ ಕಟ್ಟಡಗಳನ್ನು ಮೊದಲು ಹೇಗಿದ್ದವೋ ಹಾಗೆಯೇ ಕಟ್ಟಿಕೊಳ್ಳಬಹುದು, ಹೊಸ ಕಟ್ಟಡಕ್ಕೆ ಬೇಕಾದ ಪರವಾನಗಿಗಳ ಉದ್ದ ಸಾಲು ಬೇಡ. ಸೂರು ಕಳೆದುಕೊಂಡ ಮನೆಯವರಿಗೆ ಇದು ವರವಾಯಿತು. ಹೋಟೆಲಿನ ವಿಷಯದಲ್ಲಿ ಆದದ್ದೇ ಬೇರೆ. ಕಡಲಿಗೆ ಇಷ್ಟು ಸಮೀಪ, ಇಷ್ಟು ದೊಡ್ಡ ಹೋಟೆಲನ್ನು ಇವತ್ತು ಹೊಸದಾಗಿ ಕಟ್ಟಲು ಒಪ್ಪಿಗೆ ಸಿಗುವುದು ಕಷ್ಟ. ಆದರೆ ಆ ನಿಯಮವಿದ್ದಷ್ಟು ದಿನ ಹಳೆಯ ಹಾಳಿನ ಜತೆ ಅದರ ಹಕ್ಕೂ ನಿಂತಿತ್ತು. ಆ ಪಾಳುಗೋಡೆಗಳ ಬೆಲೆ ಇದ್ದದ್ದು ಅವು ಹೊತ್ತಿದ್ದ ಕಾಗದದ ಹಕ್ಕಿನಲ್ಲಿ. ಒಬ್ಬರ ಕೈಯಿಂದ ಒಬ್ಬರ ಕೈಗೆ ಜಾಗ ದಾಟಿತು. ಬಂದವರೆಲ್ಲ ಬಣ್ಣದ ನಕ್ಷೆ ತಂದರು, ಪಂಜು ಮತ್ತೆ ಉರಿಯುತ್ತದೆ ಎಂದರು. 2000ದ ದಶಕದ ಯೋಜನೆಯೊಂದು ಆರ್ಥಿಕ ಕುಸಿತದಲ್ಲಿ ಮುಳುಗಿತು. ಹಯಾತ್ ಹೆಸರಿನಲ್ಲಿ ಸುಮಾರು 350 ಕೋಣೆಗಳ ಹೋಟೆಲು ಏಳಿಸುವ ಮುಂದಿನ ಯೋಜನೆಗೆ 2015ರಲ್ಲಿ ಕೌಂಟಿಯ ಒಪ್ಪಿಗೆಯೂ ದೊರೆತು, ಒಂದಿಷ್ಟು ಕಟ್ಟಡಗಳನ್ನು ಕೆಡವಿ, ಸಾಲ ತೀರಿಸಲಾಗದೆ ನಿಂತಿತು. 2021ರಲ್ಲಿ ಜಾಗ ಹರಾಜಾಯಿತು. ಈಗಿನವರು ಉಳಿದದ್ದನ್ನೂ ಕೆಡವಿ ಹೊಸ ಹೋಟೆಲು ಕಟ್ಟುತ್ತೇವೆನ್ನುತ್ತಿದ್ದಾರೆ.

ಈ ಗದ್ದಲದಲ್ಲಿ ಪತ್ರಿಕೆಗಳು ಮತ್ತೆ ಮತ್ತೆ ಬರೆದದ್ದು ಎಲ್ವಿಸ್‌ನ ಹೋಟೆಲು ಎಂದು. ಡೆಬೊರಾ ಕಪೂಲೆಯ ಜಾಗ ಎಂದು ಬರೆದವರು ಕಡಿಮೆ.

ಕಪೂಲೆ ಕವಾಯಿಯ ಕೊನೆಯ ಅರಸ ಕೌಮುವಾಲಿಯ ಮೆಚ್ಚಿನ ಮಡದಿ. ಹವಾಯಿಯ ಉಳಿದ ದ್ವೀಪಗಳನ್ನೆಲ್ಲ ಯುದ್ಧದಲ್ಲಿ ಗೆದ್ದ ಮಹಾ ಕಮೆಹಮೆಹನಿಗೆ ಕವಾಯಿಯೊಂದು ದಕ್ಕಲಿಲ್ಲ. ಒಮ್ಮೆ ಅವನ ದೋಣಿಪಡೆ ಬಿರುಗಾಳಿಗೆ ಸಿಕ್ಕಿತು, ಇನ್ನೊಮ್ಮೆ ಸೈನ್ಯಕ್ಕೆ ರೋಗ ತಗುಲಿತು. ಕೊನೆಗೆ 1810ರಲ್ಲಿ ಕೌಮುವಾಲಿ ಒಪ್ಪಂದ ಮಾಡಿಕೊಂಡು ತಲೆಬಾಗಿದ. 1821ರಲ್ಲಿ ಕಮೆಹಮೆಹನ ಮಗ ಕವಾಯಿಗೆ ಬಂದವನು ಕೌಮುವಾಲಿಯನ್ನು ಹಡಗಿಗೆ ಕರೆದು ಒವಾಹುಗೆ ಒಯ್ದ. ಅಲ್ಲಿ ಕಮೆಹಮೆಹನ ವಿಧವೆ, ಆಳುವ ರಾಣಿ ಕಾಹುಮನು, ಅವನನ್ನು ಮದುವೆಯಾದಳು. ಅವನು ತನ್ನ ದ್ವೀಪಕ್ಕೆ ಅರಸನಾಗಿ ಮರಳಲಿಲ್ಲ, 1824ರಲ್ಲಿ ಸತ್ತ. ಗಂಡನನ್ನು ಹೀಗೆ ಕಳೆದುಕೊಂಡ ಕಪೂಲೆ ಕ್ರೈಸ್ತಳಾಗಿ ಡೆಬೊರಾ ಎಂಬ ಹೆಸರು ಪಡೆದು, ವೈಲುವಾದಲ್ಲಿ ನೆಲೆ ನಿಂತಳು. ಕಡಲದಂಡೆಯ ಹಿಂದೆ ಅವಳ ಮನೆ, ಮನೆಯ ಬಳಿ ಮೀನು ಸಾಕುವ ಕೊಳಗಳು. ದ್ವೀಪ ಸುತ್ತುವ ಪಾದ್ರಿಗಳು, ನಾವಿಕರು, ದಾರಿಹೋಕರು ಅವಳಲ್ಲಿ ಉಂಡು ತಂಗಿ ಹೋಗುತ್ತಿದ್ದರು. ವೈಲುವಾದ ಮೊದಲ ವಸತಿಗೃಹ ಅದೇ ಎಂದರೂ ಸಲ್ಲುತ್ತದೆ. ಅವಳು ತೀರಿಕೊಂಡದ್ದು 1853ರಲ್ಲಿ, ಗ್ರೇಸ್ 24 ಕೋಣೆಗಳ ಬಾಗಿಲು ತೆರೆಯುವ ಸರಿಯಾಗಿ ನೂರು ವರ್ಷ ಮುಂಚೆ.

ಎಲ್ವಿಸ್ ತೇಲಿ ಬಂದ ಕೊಳ ಅವಳ ಮೀನಿನ ಕೊಳ. ಅದನ್ನು ಅಗೆಸಿದ್ದು ಹೋಟೆಲಲ್ಲ. ಅಲ್ಲಿನ ಮರಳಿನಡಿ ಹಳೆಯ ಹವಾಯಿಯವರ ಸಮಾಧಿಗಳಿವೆ.

ಕೋಕೋ ಪಾಮ್ಸ್‌ನ ಮಗ್ಗುಲಿನಿಂದಲೇ ಕುವಾಮೋ ರಸ್ತೆ ಒಳನಾಡಿಗೆ ಏರುತ್ತದೆ. ಹಾಳು ನೋಡಲು ಬಂದವರು ಹೆಚ್ಚಾಗಿ ಬೇಲಿಯ ಬಳಿಯೇ ತಿರುಗಿಬಿಡುತ್ತಾರೆ. ಈ ರಸ್ತೆ ಹಿಡಿಯದೆ ಹೋದರೆ ವೈಲುವಾ ಅರ್ಥವಾಗುವುದಿಲ್ಲ. ನದೀಮುಖದ ಆಚೆ ದಡದಲ್ಲಿ ಹಿಕಿನಾ-ಆ-ಕಲಾ ಎಂಬ ಹೆಯಾವು, ಅಂದರೆ ಕಲ್ಲು ಪೇರಿಸಿ ಕಟ್ಟಿದ ಪೂಜಾಸ್ಥಳ, ಮೂಡುವ ಸೂರ್ಯನಿಗೆ ಮುಖ ಮಾಡಿದೆ. ಈಚೆ ರಸ್ತೆಯ ಬದಿಗೆ ಹೊಲೊಹೊಲೊಕು ಹೆಯಾವು, ಅದರ ಪಕ್ಕದಲ್ಲಿ ಹೆರಿಗೆಯ ಕಲ್ಲುಗಳು. ಕವಾಯಿಯ ಅರಸುಮಕ್ಕಳು ಅಲ್ಲಿಯೇ ಹುಟ್ಟಬೇಕಿತ್ತು. ಅಲ್ಲಿ ಹುಟ್ಟಿದ ಮಗುವಿಗೆ ಅರಸೊತ್ತಿಗೆಯ ಘನತೆ. ಬಿದ್ದ ಹೊಕ್ಕುಳಬಳ್ಳಿಯನ್ನು ಬಂಡೆಯ ಬಿರುಕಿನಲ್ಲಿಡುತ್ತಿದ್ದರು. ಇನ್ನೂ ಮೇಲೆ, ಓಪಯೇಕಾ ಜಲಪಾತದ ಎದುರಿನ ದಿಣ್ಣೆಯಲ್ಲಿ ಪೋಲಿಯಾಹು ಹೆಯಾವು. ಈ ಸಾಲು ಕಡಲಿನಿಂದ ಹೊರಟು, ಜಗತ್ತಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದಾದ ವಯಾಲೆಯಾಲೆ ಶಿಖರದ ಕಡೆ ಸಾಗುತ್ತದೆ. 1962ರಲ್ಲಿ, ‘ಬ್ಲೂ ಹವಾಯಿ’ ತೆರೆಕಂಡ ಮರುವರ್ಷ, ಅಮೆರಿಕ ಸರ್ಕಾರ ಇವನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಸಾರಿತು. ನೋಡಲು ಹೋದರೆ ಕಣ್ಣಿಗೆ ರಾಚುವಂಥದ್ದೇನಿಲ್ಲ. ಮೊಣಕಾಲೆತ್ತರದ, ಎದೆಯೆತ್ತರದ ಕಪ್ಪು ಕಲ್ಲಿನ ಗೋಡೆ, ನಡುವೆ ಹುಲ್ಲು, ಒಂದು ವಿವರಣೆಯ ಫಲಕ. ಗಾರೆಯಿಲ್ಲದೆ ಪೇರಿಸಿದ ಆ ಗೋಡೆಗಳು ಇನಿಕಿಯನ್ನೂ ಅದಕ್ಕೆ ಹತ್ತು ವರ್ಷ ಮೊದಲಿನ ಈವಾ ಚಂಡಮಾರುತವನ್ನೂ ಕಂಡಿವೆ.

ಇದೇ ರಸ್ತೆಯಲ್ಲಿ ಇನ್ನಷ್ಟು ಮೇಲೇರಿ ಪಕ್ಕಕ್ಕೆ ಹೊರಳಿದರೆ ಕನ್ನಡಿಗರು ಥಟ್ಟನೆ ನಿಲ್ಲುವಂಥದ್ದೊಂದಿದೆ. ವೈಲುವಾ ನದಿಯ ದಡದ ಕಾಡಿನ ನಡುವೆ ಶಿವನ ಗುಡಿ. ಸತ್ಗುರು ಶಿವಾಯ ಸುಬ್ರಮುನಿಯಸ್ವಾಮಿ ಎಂಬ ಅಮೆರಿಕನ್ ಸನ್ಯಾಸಿ 1970ರಲ್ಲಿ ಸ್ಥಾಪಿಸಿದ ಶೈವ ಮಠ ಅದು. ಅಲ್ಲಿನ ಇರೈವನ್ ದೇವಾಲಯದ ಬಿಳಿ ಗ್ರಾನೈಟು ಕಲ್ಲುಗಳೆಲ್ಲ ಬೆಂಗಳೂರಿನ ಹೊರವಲಯದ ಕೆತ್ತನೆ ಬಿಡಾರದಲ್ಲಿ 1990ರಿಂದ ಮೊದಲುಗೊಂಡು ಉಳಿ ಸುತ್ತಿಗೆಯಲ್ಲಿ ರೂಪುಗೊಂಡಂಥವು. ಕನ್ಯಾಕುಮಾರಿಯ ತಿರುವಳ್ಳುವರ್ ಪ್ರತಿಮೆಯ ಶಿಲ್ಪಿ ವಿ. ಗಣಪತಿ ಸ್ಥಪತಿಯವರ ವಿನ್ಯಾಸ. ಕೆತ್ತಿದ ಕಲ್ಲುಗಳು ಹಡಗೇರಿ ಇಲ್ಲಿಗೆ ಬಂದು, ಶಿಲ್ಪಿಗಳು ಜೋಡಿಸಿ, 2023ರ ಮಾರ್ಚಿನಲ್ಲಿ ಕುಂಭಾಭಿಷೇಕವಾಯಿತು. ಸಾವಿರ ವರ್ಷ ನಿಲ್ಲಬೇಕೆಂಬುದು ಮಠದವರ ಸಂಕಲ್ಪ. ಆದ್ದರಿಂದ ಅಡಿಪಾಯದ ಕಾಂಕ್ರೀಟಿನಲ್ಲಿ ಉಕ್ಕಿನ ಸರಳು ಹಾಕಿಲ್ಲ. ಸರಳು ತುಕ್ಕು ಹಿಡಿದು ಉಬ್ಬಿದರೆ ಕಾಂಕ್ರೀಟು ಸೀಳುತ್ತದೆ. ಕೆಳಗೆ ಕೋಕೋ ಪಾಮ್ಸ್‌ನ ಗೋಡೆಗಳನ್ನು ನೋಡಿ ಬಂದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲೊಂದು ಇರುಸುಮುರುಸಿನ ಪ್ರಶ್ನೆ ಏಳುತ್ತದೆ. ಬೆಂಗಳೂರಿನ ಕಲ್ಲೂ ವೈಲುವಾಕ್ಕೆ ಹೊರಗಿನದೇ, ದೈತ್ಯ ಚಿಪ್ಪೂ ಹೊರಗಿನದೇ. ಹಾಗೆ ನೋಡಿದರೆ ತೆಂಗನ್ನೂ ಕೋಳಿಯನ್ನೂ ಇಲ್ಲಿಗೆ ತಂದವರು ದೋಣಿಯಲ್ಲಿ ಬಂದ ಪಾಲಿನೇಷ್ಯದವರೇ. ಹೊರಗಿನಿಂದ ಬಂದದ್ದೆಂಬ ಕಾರಣಕ್ಕೆ ಕೋಕೋ ಪಾಮ್ಸ್ ಅನ್ನು ದೂರುವುದು ನಿಲ್ಲುವ ವಾದವಲ್ಲ. ದೇವಾಲಯ ತಾನು ದಕ್ಷಿಣ ಭಾರತದ್ದೆಂದು ಹೇಳಿಕೊಂಡೇ ನಿಂತಿದೆ. ಹೋಟೆಲು ತಾನು ಹವಾಯಿ ಎಂದಿತು, ತಾನೇ ಹಳೆಯದು ಎಂದಿತು. ಹಾಗೆಂದು ಹೇಳಿ ಹೇಳಿ ನಿಜವಾಗಿ ಹಳೆಯದಾದದ್ದನ್ನು ಅಲಂಕಾರದ ಕೊಳ ಮಾಡಿಟ್ಟಿತು. ತಕರಾರು ಇರುವುದು ಅಲ್ಲಿ.

ಈ ತಕರಾರು ಪುಸ್ತಕದ ಮಾತಾಗಿಯೇನೂ ಉಳಿದಿಲ್ಲ. 2016ರ ಸುಮಾರಿಗೆ, ಕೌಮುವಾಲಿಯ ವಂಶದವರೆಂದು ಹೇಳಿಕೊಂಡ ಕೆಲವರು ಈ ಜಾಗದೊಳಗೆ ಬಂದು ಕೂತರು. ಕಾಗದಪತ್ರಗಳ ಮೇಲೆ ನಡೆದ ವ್ಯಾಜ್ಯದಲ್ಲಿ ಸೋತು 2018ರಲ್ಲಿ ಏಳಬೇಕಾಯಿತು. ಆಮೇಲೆ ‘ಈ ಓಲಾ ವೈಲುವಾನುಯಿ’ ಎಂಬ ಸ್ಥಳೀಯ ಸಂಸ್ಥೆ ಹುಟ್ಟಿತು. ಜಾಗವನ್ನು ಕೊಂಡು, ಕಟ್ಟಡದ ಗೊಡವೆ ಬಿಟ್ಟು, ಮೀನಿನ ಕೊಳಗಳನ್ನು ಮತ್ತೆ ಮೀನಿನ ಕೊಳಗಳಾಗಿಸಿ, ಊರಿನವರ ಕಲಿಕೆಯ ತಾಣ ಮಾಡಬೇಕೆಂಬುದು ಅವರ ಹಂಬಲ. ಹೋಟೆಲು ಬಂದರೆ ಉದ್ಯೋಗ ಬರುತ್ತದೆ, ಕಣ್ಣಿಗೆ ಚುಚ್ಚುವ ಹಾಳು ಹೋಗುತ್ತದೆ ಎನ್ನುವವರೂ ಅದೇ ಊರಿನಲ್ಲಿದ್ದಾರೆ. ಮೊದಲೇ ಉಸಿರುಗಟ್ಟಿರುವ ಆ ರಸ್ತೆಯ ಮೂಲೆಗೆ ಇನ್ನೂ ನೂರಾರು ಕಾರು ಸೇರಿದರೆ ಗತಿಯೇನು ಎಂದು ಕೇಳುವವರೂ ಇದ್ದಾರೆ. ಕಡಲು ಮೇಲೇರುತ್ತಿರುವ ಕಾಲದಲ್ಲಿ ಇಷ್ಟು ತಗ್ಗಿನಲ್ಲಿ ಹೋಟೆಲು ಯಾಕೆ ಎಂಬ ಪ್ರಶ್ನೆಗಂತೂ ನಕ್ಷೆಗಳಲ್ಲಿ ಗಟ್ಟಿ ಉತ್ತರವಿಲ್ಲ.

ಕೊಳ ಉಳಿಸುವ ಹಂಬಲವನ್ನು ಹಗಲುಗನಸೆಂದು ನಗುವವರು ಲಿಹುಯೆಯ ಕಡೆಗೊಮ್ಮೆ ಹೋಗಿ ಬರಬಹುದು. ಊರಿನ ಪಕ್ಕದ ಹುಲೇಯಿಯಾ ನದಿಯ ತಿರುವಿನಲ್ಲಿ ಅಲಕೋಕೋ ಎಂಬ ಮೀನಿನ ಕೊಳವಿದೆ, ಸುಮಾರು ಆರುನೂರು ವರ್ಷ ಹಳೆಯದು. ಕಾಂಡ್ಲಾ ಗಿಡ ಬೆಳೆದು ಕೊಳ ಕಾಣದಂತೆ ಮುಚ್ಚಿಹೋಗಿತ್ತು. ಮಾಲಮ ಹುಲೇಯಿಯಾ ಎಂಬ ಊರವರ ಸಂಸ್ಥೆ ಎಕರೆಗಟ್ಟಲೆ ಕಾಂಡ್ಲಾ ಕಡಿದು ಬಯಲು ಮಾಡಿತು. 2021ರಲ್ಲಿ ಭೂಸಂರಕ್ಷಣೆಯ ದತ್ತಿ ಸಂಸ್ಥೆಯೊಂದು ಆ ಜಾಗವನ್ನು ಖರೀದಿಸಿ ಅವರ ಕೈಗಿಟ್ಟಿತು. ಕೆಲಸದ ದಿನಗಳಲ್ಲಿ ಶಾಲಾಮಕ್ಕಳು, ಮುದುಕರು, ಸುದ್ದಿ ಕೇಳಿ ಬಂದ ಪ್ರವಾಸಿಗರು ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸುತ್ತಾರೆ, ಕೆಸರಿನಲ್ಲಿ ಮೊಣಕಾಲವರೆಗೆ ಇಳಿದು ಕಟ್ಟೆ ಕಟ್ಟುತ್ತಾರೆ. ಹೋಗುವವರು ನೆನೆದರೂ ಚಿಂತೆಯಿಲ್ಲದ ಬಟ್ಟೆ ಉಟ್ಟು, ಬದಲಿಸಲು ಇನ್ನೊಂದು ಜತೆ ಇಟ್ಟುಕೊಳ್ಳುವುದು ಒಳ್ಳೆಯದು. ಅಲ್ಲಿನ ಕೆಸರು ಬಟ್ಟೆ ಬಿಡುವುದಿಲ್ಲ.